ಸಿಗ್ನಲ್ಲು ಕ್ಷೀಣವಿರುವ ಊರಿನಲ್ಲಿ ಮೊಬೈಲಿಗೂ ಸರದಿ ಬೇಕು



ಮೊಬೈಲ್ ಫೋನು ಇಂದು ಪಂಪ್‌ಸೆಟ್ಟು, ಸ್ಪ್ರೇಯರುಗಳಂತೆಯೇ ಬೇಸಾಯದ ಒಂದು ಉಪಕರಣವಾಗಿದೆ. ಮಾರುಕಟ್ಟೆಯ ಧಾರಣೆ ತಿಳಿಯುವುದು, ಮಳೆಯ ಮುನ್ಸೂಚನೆ ನೋಡುವುದು, ಬೆಳೆ ಸಮೀಕ್ಷೆಗೆ ಹೊಲದ ಚಿತ್ರ ಕಳುಹಿಸುವುದು, ಬ್ಯಾಂಕಿನ ಒಟಿಪಿ ಪಡೆಯುವುದು, ನಾಳೆಯ ಕೆಲಸಕ್ಕೆ ಆಳುಗಳನ್ನು ಕರೆಯುವುದು, ಇವೆಲ್ಲವೂ ಅದರ ಮೂಲಕವೇ ನಡೆಯುತ್ತಿವೆ. ಪಂಪ್‌ಸೆಟ್ಟನ್ನು ಯಾವಾಗ ಹಾಕಬೇಕು, ಯಾವಾಗ ಆರಿಸಬೇಕು ಎಂಬುದು ನಿಮಗೆ ಚೆನ್ನಾಗಿ ಗೊತ್ತು. ಆದರೆ ಮೊಬೈಲನ್ನು ಮಾತ್ರ ನಾವು ಹಗಲೂ ರಾತ್ರಿ ಹಾಕಿಯೇ ಇಡುತ್ತೇವೆ. ಟವರು ಸಮೀಪವಿರುವ ಪೇಟೆಯಲ್ಲಿ ಇದರಿಂದ ಹೆಚ್ಚಿನ ನಷ್ಟವಿಲ್ಲ. ಮಲೆನಾಡಿನ ಕಣಿವೆಗಳಲ್ಲಿ, ಕಾಡಂಚಿನ ಹಳ್ಳಿಗಳಲ್ಲಿ, ಗುಡ್ಡದ ಮರೆಯ ತೋಟದ ಮನೆಗಳಲ್ಲಿ ಇದು ದೊಡ್ಡ ನಷ್ಟ.

ಇಂತಹ ಕಡೆ ಬೆಳಗ್ಗೆ ಪೂರ್ತಿ ಚಾರ್ಜಾದ ಫೋನು, ಯಾರೂ ಮುಟ್ಟದಿದ್ದರೂ, ಸಂಜೆಯ ಹೊತ್ತಿಗೆ ಬಹುಪಾಲು ಖಾಲಿಯಾಗಿರುತ್ತದೆ. ಫೋನು ಹಳೆಯದಾಯಿತು, ಬ್ಯಾಟರಿ ಕೆಟ್ಟಿತು ಎಂದು ಭಾವಿಸಿ ಹೊಸದನ್ನು ಕೊಳ್ಳುವವರಿದ್ದಾರೆ. ಹೊಸ ಫೋನು ತಂದರೂ ಅದೇ ಮನೆಯಲ್ಲಿ ಅದರ ಪಾಡೂ ಹಾಗೆಯೇ ಆಗುತ್ತದೆ. ಸಿಗ್ನಲ್ಲು ಕ್ಷೀಣವಿರುವಲ್ಲಿ ಚಾರ್ಜನ್ನು ತಿನ್ನುವುದು ನಮ್ಮ ಬಳಕೆಗಿಂತ ಹೆಚ್ಚಾಗಿ ಫೋನಿನ ಹುಡುಕಾಟ. ಆದ್ದರಿಂದ ಕಾಲುವೆಯ ನೀರಿಗೆ ಸರದಿ ಇರುವಂತೆ ಫೋನಿಗೂ ಒಂದು ಸರದಿ ಗೊತ್ತುಮಾಡಬೇಕು ಎಂಬುದು ನನ್ನ ಅಭಿಪ್ರಾಯ. ಈ ಸರದಿಯನ್ನು ರೈತರು ಪಾಲಿಸಿದರಷ್ಟೇ ಸಾಲದು. ರೈತರಿಗೆ ಮಾಹಿತಿ ಕಳುಹಿಸುವ ಇಲಾಖೆಗಳೂ, ನಮ್ಮಂತಹ ವಿಸ್ತರಣಾ ಸಂಸ್ಥೆಗಳೂ ಇದಕ್ಕೆ ಹೊಂದಿಕೊಳ್ಳಬೇಕು.

ಚಾರ್ಜು ಖರ್ಚಾಗುವುದು ಎಲ್ಲಿ?

ಫೋನು ಟವರಿನ ಮಾತನ್ನು ಕೇಳಿಸಿಕೊಂಡರೆ ಸಾಲದು, ತನ್ನ ಮಾತೂ ಟವರಿಗೆ ತಲುಪಬೇಕು. ಟವರು ಹತ್ತಿರವಿದ್ದರೆ ಫೋನು ಪಿಸುಗುಟ್ಟಿದರೂ ಸಾಕು, ಒಂದು ಮಿಲಿವ್ಯಾಟ್‌ಗಿಂತ ಕಡಿಮೆ ಶಕ್ತಿಯಲ್ಲಿ ಕೆಲಸ ನಡೆಯುತ್ತದೆ. ಟವರು ದೂರವಿದ್ದರೆ ಅಥವಾ ನಡುವೆ ಗುಡ್ಡ, ದಟ್ಟ ಮರಗಳು ಬಂದರೆ ಅದೇ ಫೋನು ಗಟ್ಟಿಯಾಗಿ ಕೂಗಬೇಕಾಗುತ್ತದೆ. 4ಜಿ ಫೋನಿನ ಕೂಗಿನ ಗರಿಷ್ಠ ಮಿತಿ ಸುಮಾರು 200 ಮಿಲಿವ್ಯಾಟ್. ಹೊರಗೆ ಹೊಮ್ಮುವ ಶಕ್ತಿ ಇಷ್ಟು ಎಂದಾದರೆ, ಅದನ್ನು ಹೊಮ್ಮಿಸಲು ಬ್ಯಾಟರಿಯಿಂದ ಎಳೆಯುವ ಶಕ್ತಿ ಅದರ ಹಲವು ಪಟ್ಟು.

ಇದನ್ನು ಬಾವಿಯ ಉದಾಹರಣೆಯಿಂದ ತಿಳಿಯಬಹುದು. ನೀರು ಮೇಲೆ ಇದ್ದಾಗ ಪಂಪು ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ನೀರು ಕೊಡುತ್ತದೆ. ನೀರು ಆಳಕ್ಕೆ ಇಳಿದಾಗ ಪ್ರತಿ ಕೊಡ ನೀರಿಗೂ ಹೆಚ್ಚು ವಿದ್ಯುತ್ತು ಬೇಕು. ಅಷ್ಟೇ ಅಲ್ಲದೆ ನೀರು ಸಣ್ಣಗೆ ಬರುವುದರಿಂದ ಅದೇ ಒಂದು ಮಡಿ ತುಂಬಲು ಪಂಪು ಹೆಚ್ಚು ಹೊತ್ತು ಓಡಬೇಕು. ಫೋನಿನಲ್ಲಿಯೂ ಈ ಎರಡು ನಷ್ಟಗಳು ಒಟ್ಟಿಗೆ ಆಗುತ್ತವೆ. ಕ್ಷೀಣ ಸಿಗ್ನಲ್ಲಿನಲ್ಲಿ ಫೋನು ಹೆಚ್ಚು ಶಕ್ತಿಯಿಂದ ಕೂಗುತ್ತದೆ. ಚಿತ್ರವೋ ವಿಡಿಯೋವೋ ನಿಧಾನವಾಗಿ ಸಾಗುವುದರಿಂದ ಹೆಚ್ಚು ಹೊತ್ತು ಕೂಗುತ್ತದೆ.

ಸಿಗ್ನಲ್ಲು ಪೂರ್ತಿ ಇಲ್ಲದಿದ್ದರೆ ಫೋನು ಸುಮ್ಮನಾಗುವುದಿಲ್ಲ. ಎಲ್ಲ ತರಂಗಗಳಲ್ಲಿಯೂ ಟವರಿಗಾಗಿ ಮತ್ತೆ ಮತ್ತೆ ತಡಕಾಡುತ್ತದೆ. ಸಿಗ್ನಲ್ಲು ಬಂದು ಹೋಗಿ ಮಾಡುವ ಜಾಗದಲ್ಲಂತೂ ಒಂದು ಟವರಿನಿಂದ ಇನ್ನೊಂದಕ್ಕೆ ಹಾರುವುದೇ ಅದರ ಕೆಲಸವಾಗುತ್ತದೆ. ಎರಡು ಸಿಮ್ ಹಾಕಿದ್ದರೆ ಹುಡುಕಾಟವೂ ಎರಡು.

ಇದು ಕೇವಲ ಅನಾನುಕೂಲವಲ್ಲ

ಚಾರ್ಜು ಮುಗಿದರೆ ಮತ್ತೆ ಹಾಕಿಕೊಳ್ಳಬಹುದಲ್ಲ ಎಂದು ನೀವು ಕೇಳಬಹುದು. ಕರೆಂಟು ಇರುವಾಗ ಈ ಮಾತು ನಿಜ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಒಳನಾಡಿನ ಹಳ್ಳಿಗಳಲ್ಲಿ ಕರೆಂಟು ಬರಲು ದಿನಗಳೇ ಹಿಡಿಯುತ್ತವೆ. ಮೊಬೈಲ್ ಟವರು ಕೂಡ ವಿದ್ಯುತ್ತಿನಿಂದಲೇ ನಡೆಯುವಂಥದು. ಕರೆಂಟು ಹೋದ ಮೇಲೆ ಅದು ತನ್ನ ಬ್ಯಾಟರಿಯ ಬಲದಿಂದ ಕೆಲವು ಗಂಟೆ ನಡೆದು, ಡೀಸೆಲ್ ಜನರೇಟರು ಇಲ್ಲದಿದ್ದರೆ ನಿಂತು ಹೋಗುತ್ತದೆ. ಆ ಕ್ಷಣದಿಂದ ಸುತ್ತಲಿನ ಎಲ್ಲ ಫೋನುಗಳೂ ದೂರದ ಇನ್ನೊಂದು ಟವರನ್ನು ಹುಡುಕತೊಡಗುತ್ತವೆ. ಎಂದರೆ, ಚಾರ್ಜು ಹಾಕಲು ಸಾಧ್ಯವಿಲ್ಲದ ವೇಳೆಯಲ್ಲಿಯೇ ಚಾರ್ಜು ಅತಿ ಬೇಗ ಖಾಲಿಯಾಗುತ್ತದೆ.

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜರಿದಾಗ, 2019ರ ಆಗಸ್ಟ್‌ನಲ್ಲಿ ಮಲೆನಾಡು ಹಾಗೂ ಉತ್ತರ ಕರ್ನಾಟಕದ ಹಲವು ಭಾಗಗಳು ನೆರೆಗೆ ಸಿಕ್ಕಾಗ, ರಸ್ತೆ, ಕರೆಂಟು, ಫೋನು ಮೂರೂ ಒಟ್ಟಿಗೆ ಕಡಿದುಹೋದ ಊರುಗಳಿದ್ದವು. ಇಂತಹ ಸಂದರ್ಭದಲ್ಲಿ ಟವರು ಮತ್ತೆ ಎದ್ದಾಗ ನಿಮ್ಮ ಫೋನಿನಲ್ಲಿ ಹತ್ತು ಮಾತಾಡುವಷ್ಟು ಚಾರ್ಜು ಇದೆಯೇ ಇಲ್ಲವೇ ಎಂಬುದು ಬಹು ಮುಖ್ಯ. ನೆರೆ ಬರದ ದಿನಗಳಲ್ಲಿಯೂ ಹಾವು ಕಚ್ಚುವುದುಂಟು, ಅಡಿಕೆ ಮರದಿಂದ ಕೊನೆಗಾರ ಬೀಳುವುದುಂಟು, ಮನೆಯಲ್ಲಿ ಒಬ್ಬರೇ ಇರುವ ಹಿರಿಯರಿಗೆ ಎದೆನೋವು ಬರುವುದುಂಟು. ಆ ಹೊತ್ತಿಗೆ ಫೋನು ಸತ್ತಿದ್ದರೆ ಅದು ಇದ್ದೂ ಇಲ್ಲದಂತೆಯೇ ಸರಿ.

ಮೊದಲು ಜಾಗ ಗುರುತಿಸಿ

ನಿಮ್ಮ ಮನೆ ಮತ್ತು ತೋಟದಲ್ಲಿ ಸಿಗ್ನಲ್ಲು ಎಲ್ಲಿ ಉತ್ತಮವಾಗಿದೆ ಎಂಬುದನ್ನು ಒಂದು ದಿನ ನಿಧಾನವಾಗಿ ನಡೆದು ನೋಡಿ. ಪರದೆಯ ಮೇಲಿನ ಗೆರೆಗಳನ್ನು ಮಾತ್ರ ನಂಬಬೇಡಿ. ಬಹುತೇಕ ಆಂಡ್ರಾಯ್ಡ್ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ, ಫೋನಿನ ವಿವರದ ಪುಟದಲ್ಲಿ, ಸಿಮ್‌ನ ಸ್ಥಿತಿ ಎಂಬಲ್ಲಿ ಸಿಗ್ನಲ್ಲಿನ ಅಳತೆಯನ್ನು ಅಂಕಿಯಲ್ಲಿ ಕೊಟ್ಟಿರುತ್ತಾರೆ. ಈ ಅಂಕಿ ಮೈನಸ್‌ನಲ್ಲಿರುತ್ತದೆ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ಸಿಗ್ನಲ್ಲು ಚೆನ್ನಾಗಿದೆ. ಮೈನಸ್ 110 ದಾಟಿ 115, 120 ಎಂದು ತೋರಿಸಿದರೆ ತೀರ ಕ್ಷೀಣ. ಹತ್ತು ಅಂಕ ಕೆಳಗಿಳಿದರೆ ತಲುಪುವ ಶಕ್ತಿ ಹತ್ತರಲ್ಲಿ ಒಂದು ಪಾಲಾಯಿತೆಂದು ತಿಳಿಯಬೇಕು.

ಕಿಟಕಿಯ ಬಳಿ, ಅಟ್ಟದ ಮೇಲೆ, ಅಂಗಳದ ಒಂದು ಮೂಲೆಯಲ್ಲಿ, ಹೀಗೆ ಎಲ್ಲೋ ಒಂದು ಕಡೆ ಅಂಕಿ ಉತ್ತಮವಾಗಿರುತ್ತದೆ. ಫೋನಿಗೆ ಅದನ್ನೇ ಖಾಯಂ ಜಾಗ ಮಾಡಿ. ಮಾತಾಡುವಾಗ ಫೋನನ್ನು ಅಲ್ಲಿಯೇ ಇಟ್ಟು ಸ್ಪೀಕರಿನಲ್ಲಿ ಮಾತಾಡಬಹುದು. ತಗಡಿನ ಮಾಡಿನ ಕೊಟ್ಟಿಗೆ, ಕಬ್ಬಿಣದ ಕಪಾಟು, ಉಗ್ರಾಣ ಇವು ಸಿಗ್ನಲ್ಲನ್ನು ತಡೆಯುತ್ತವೆ. ಅಲ್ಲಿಟ್ಟ ಫೋನು ಸುಮ್ಮನೆ ಬಿದ್ದಿದೆ ಎಂದು ನಮಗೆ ಕಂಡರೂ ಒಳಗೆ ತಡಕಾಡುತ್ತಲೇ ಇರುತ್ತದೆ.

ಅನಂತರ ಎರಡು ತಿದ್ದುಪಡಿಗಳನ್ನು ಮಾಡಿ. ಎರಡು ಸಿಮ್‌ಗಳಲ್ಲಿ ನಿಮ್ಮ ಊರಿನಲ್ಲಿ ಹಿಡಿಯದ ಸಿಮ್ಮನ್ನು ಸೆಟ್ಟಿಂಗ್ಸ್‌ನಲ್ಲಿ ಆರಿಸಿಡಿ. ಪೇಟೆಗೆ ಹೋದಾಗ ಬೇಕಾದರೆ ಹಾಕಿಕೊಳ್ಳಬಹುದು. ಫೋನು 5ಜಿಯದಾಗಿದ್ದು ನಿಮ್ಮ ಊರಿನಲ್ಲಿ 5ಜಿ ಇಲ್ಲದಿದ್ದರೆ ಅಥವಾ ಬಂದು ಹೋಗಿ ಮಾಡುತ್ತಿದ್ದರೆ ಅದನ್ನು 4ಜಿಗೆ ನಿಲ್ಲಿಸಿ. ಬರೀ ಮಾತಿಗೆ ಮಾತ್ರ ಫೋನು ಬಳಸುವವರು, 2ಜಿ ಚೆನ್ನಾಗಿ ಹಿಡಿಯುವ ಕಡೆ, 2ಜಿಗೆ ನಿಲ್ಲಿಸಿ ನೋಡಬಹುದು. ಆದರೆ ಜಿಯೋ ಸಿಮ್ಮಿಗೆ 2ಜಿ ಇಲ್ಲವಾದ್ದರಿಂದ ಹಾಗೆ ಮಾಡಿದರೆ ಫೋನು ಪೂರ್ತಿ ನಿಂತುಹೋಗುತ್ತದೆ ಎಂಬುದು ನೆನಪಿರಲಿ.

ಸರದಿ ಗೊತ್ತುಮಾಡುವ ಬಗೆ

ಫೋನಿನಲ್ಲಿ ವಿಮಾನದ ಗುರುತಿರುವ ಫ್ಲೈಟ್ ಮೋಡ್ ಎಂಬ ಗುಂಡಿ ಇದೆ. ಇದನ್ನು ಒತ್ತಿದರೆ ಟವರಿನ ಹುಡುಕಾಟ ಪೂರ್ತಿ ನಿಲ್ಲುತ್ತದೆ. ಗಡಿಯಾರ, ಅಲಾರಂ, ಬ್ಯಾಟರಿ ದೀಪ, ಕ್ಯಾಮೆರಾ, ಇಳಿಸಿಟ್ಟುಕೊಂಡ ಪುಸ್ತಕ, ಹಾಡು ಎಲ್ಲವೂ ನಡೆಯುತ್ತವೆ. ಕ್ಷೀಣ ಸಿಗ್ನಲ್ಲಿನ ಊರಿನಲ್ಲಿ ಚಾರ್ಜು ಉಳಿಸಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಪರದೆಯ ಬೆಳಕು ತಗ್ಗಿಸುವುದು, ಬೇಡದ ಆ್ಯಪ್‌ಗಳನ್ನು ತೆಗೆದುಹಾಕುವುದು ಮುಂತಾದವು ಒಳ್ಳೆಯ ಅಭ್ಯಾಸಗಳೇ, ಆದರೆ ಹುಡುಕಾಟ ನಿಲ್ಲದೆ ಅವುಗಳಿಂದ ಹೆಚ್ಚು ಉಳಿತಾಯವಾಗದು.

ಹಾಗೆಂದು ದಿನವೆಲ್ಲ ಫೋನು ಮುಚ್ಚಿಡಿ ಎಂದು ನಾನು ಹೇಳುತ್ತಿಲ್ಲ. ಬೆಳಗ್ಗೆ 6ರಿಂದ 8, ಮಧ್ಯಾಹ್ನ ಊಟದ ಹೊತ್ತಿಗೆ ಒಂದು ಗಂಟೆ, ಸಂಜೆ 6ರಿಂದ 9, ಹೀಗೆ ನಿಮ್ಮ ಕೆಲಸಕ್ಕೆ ಅನುಕೂಲವಾದ ಸರದಿ ಮಾಡಿಕೊಳ್ಳಿ. ಅದನ್ನು ಬಂಧುಗಳಿಗೆ, ವ್ಯಾಪಾರಿಗಳಿಗೆ, ಸಹಕಾರ ಸಂಘದವರಿಗೆ ತಿಳಿಸಿಡಿ. ಫೋನು ಆರಿದ್ದಾಗ ಬಂದ ಎಸ್ಸೆಮ್ಮೆಸ್‌ಗಳು ಕಂಪನಿಯ ಕೇಂದ್ರದಲ್ಲಿ ಕೆಲವು ಕಾಲ ಉಳಿದಿದ್ದು, ಹಾಕಿದ ಕೂಡಲೇ ಬಂದು ಸೇರುತ್ತವೆ. ಕರೆಂಟು ಹೋಗಿ ಟವರೂ ನಿಂತಿತೆಂದು ಗೊತ್ತಾದ ತಕ್ಷಣ ಫ್ಲೈಟ್ ಮೋಡ್ ಹಾಕಿ, ಎರಡು ಮೂರು ಗಂಟೆಗೊಮ್ಮೆ ಐದು ನಿಮಿಷ ತೆರೆದು ನೋಡಿ. ಮನೆಯಲ್ಲಿ ಮೂರು ಫೋನುಗಳಿದ್ದರೆ ಒಂದನ್ನು ಮಾತ್ರ ಹಾಕಿಟ್ಟು ಉಳಿದೆರಡನ್ನು ಆರಿಸಿಡಿ.

ತೆರೆದ ವೇಳೆಯಲ್ಲಿಯೂ ಮಿತವ್ಯಯ ಬೇಕು. ವಾಟ್ಸಾಪಿನಲ್ಲಿ ಚಿತ್ರ, ವಿಡಿಯೋಗಳು ತಾವಾಗಿಯೇ ಇಳಿಯದಂತೆ ಮಾಡಿ. ಎಸ್ಸೆಮ್ಮೆಸ್‌ನಲ್ಲಿ ಮುಗಿಯುವ ಕೆಲಸಕ್ಕೆ ಕರೆ ಬೇಡ, ಮಾತಿನಲ್ಲಿ ಮುಗಿಯುವುದಕ್ಕೆ ವಿಡಿಯೋ ಕರೆ ಬೇಡ. ದೊಡ್ಡ ವಿಡಿಯೋ, ಆ್ಯಪ್‌ಗಳ ಹೊಸ ಆವೃತ್ತಿ ಇವನ್ನು ಸಂತೆಗೆ ಹೋದ ದಿನ ಪೇಟೆಯಲ್ಲಿಯೇ ಇಳಿಸಿಕೊಂಡು ಬನ್ನಿ. 2020ರಿಂದ ರೈತರೇ ಮಾಡುತ್ತಿರುವ ಬೆಳೆ ಸಮೀಕ್ಷೆಯಲ್ಲಿಯೂ ಇದೇ ಕ್ರಮ ಅನುಕೂಲ. ಸಿಗ್ನಲ್ಲು ಇರುವಲ್ಲಿ ಸರ್ವೆ ನಂಬರಿನ ಮಾಹಿತಿ ಇಳಿಸಿಕೊಂಡು, ಹೊಲದಲ್ಲಿ ಚಿತ್ರ ತೆಗೆದು, ಮತ್ತೆ ಸಿಗ್ನಲ್ಲು ಇರುವಲ್ಲಿ ಕಳುಹಿಸಬೇಕು. ಹೊಲದಲ್ಲಿ ಸ್ಥಳ ಗುರುತಿಸುವ ಜಿಪಿಎಸ್ ಉಪಗ್ರಹಗಳಿಂದ ನಡೆಯುತ್ತದೆ, ಅದಕ್ಕೆ ಟವರಿನ ಅಗತ್ಯವಿಲ್ಲ. ಆದರೆ ಟವರಿನ ನೆರವಿಲ್ಲದಾಗ ಸ್ವಲ್ಪ ತಡವಾಗುವುದರಿಂದ ಮರದ ನೆರಳು ಬಿಟ್ಟು ಬಯಲಿನಲ್ಲಿ ಕೆಲವು ನಿಮಿಷ ಕಾಯಬೇಕು.

ಊರಿಗೆ ಫೈಬರ್ ಅಥವಾ ಕೇಬಲ್ಲಿನ ಇಂಟರ್‌ನೆಟ್ಟು ಬಂದಿದ್ದರೆ ಇನ್ನೊಂದು ದಾರಿ ಇದೆ. ಫ್ಲೈಟ್ ಮೋಡ್ ಹಾಕಿ ವೈಫೈ ಮಾತ್ರ ತೆರೆದಿಡಬಹುದು. ವೈಫೈ ಮೂಲಕ ಮಾಮೂಲು ಕರೆಗಳನ್ನು ಮಾಡುವ ಸೌಲಭ್ಯವನ್ನು ನಮ್ಮ ದೇಶದಲ್ಲಿ ಖಾಸಗಿ ಕಂಪನಿಗಳು 2019ರ ಕೊನೆಯಿಂದ ಕೊಡತೊಡಗಿವೆ. ನಿಮ್ಮ ಫೋನಿನಲ್ಲಿ, ಸಿಮ್ಮಿನಲ್ಲಿ ಆ ಸೌಲಭ್ಯವಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಹಾಕಿಸಿಕೊಳ್ಳಿ. ಹತ್ತು ಮಾರು ದೂರದ ವೈಫೈ ಪೆಟ್ಟಿಗೆಯೊಡನೆ ಮಾತಾಡಲು ಫೋನಿಗೆ ಹೆಚ್ಚಿನ ಶಕ್ತಿ ಬೇಕಾಗುವುದಿಲ್ಲ.

ಸರದಿ ಎಲ್ಲರಿಗೂ ಒಂದೇ ಅಲ್ಲ

ಹಾಸನ ಜಿಲ್ಲೆಯ ಆಲೂರು, ಸಕಲೇಶಪುರ ಭಾಗಗಳಲ್ಲಿ ಕಾಡಾನೆಗಳ ಓಡಾಟವನ್ನು ಎಸ್ಸೆಮ್ಮೆಸ್ ಮತ್ತು ಧ್ವನಿ ಸಂದೇಶದ ಮೂಲಕ ತಿಳಿಸುವ ವ್ಯವಸ್ಥೆ ಇದೆ. ಇಂತಹ ಕಡೆ ಮುಂಜಾನೆ ತೋಟಕ್ಕೆ ಹೊರಡುವ ಮುನ್ನ, ಸಂಜೆ ಕೆಲಸ ಬಿಡುವ ಹೊತ್ತಿಗೆ ಫೋನು ತೆರೆದಿರಲೇಬೇಕು. ಬಸುರಿಯರು, ಕಾಯಿಲೆಯವರು, ಒಂಟಿಯಾಗಿರುವ ಹಿರಿಯರು ಇರುವ ಮನೆಯಲ್ಲಿ ಒಂದು ಫೋನನ್ನು ಯಾವಾಗಲೂ ಆರಿಸದೆ ಸಿಗ್ನಲ್ಲಿನ ಜಾಗದಲ್ಲಿಡಿ. ಇದಕ್ಕೆ ಗುಂಡಿ ಒತ್ತುವ ಸಾಮಾನ್ಯ ಫೋನೇ ಉತ್ತಮ. ಅದಕ್ಕೆ ದೊಡ್ಡ ಪರದೆಯಿಲ್ಲ, ಬೆನ್ನ ಹಿಂದೆ ಓಡುವ ಆ್ಯಪ್‌ಗಳಿಲ್ಲ. ಒಮ್ಮೆ ಚಾರ್ಜು ಮಾಡಿದರೆ ಕೆಲವು ದಿನ ಬರುತ್ತದೆ.

ಇನ್ನೊಂದು ವಿಷಯ ಮನೆಯ ಎಲ್ಲರಿಗೂ, ಮಕ್ಕಳಿಗೂ ಗೊತ್ತಿರಬೇಕು. ನಿಮ್ಮ ಕಂಪನಿಯ ಸಿಗ್ನಲ್ಲು ಇಲ್ಲದಿದ್ದರೂ ಬೇರೆ ಕಂಪನಿಯ ಟವರು ಹಿಡಿಯುವಂತಿದ್ದರೆ 112ಕ್ಕೆ ಮಾಡುವ ತುರ್ತು ಕರೆ ಅದರ ಮೂಲಕ ಹೋಗುತ್ತದೆ. ಫ್ಲೈಟ್ ಮೋಡ್ ತೆಗೆದು, ಸ್ವಲ್ಪ ಕಾದು, ಎತ್ತರದ ಜಾಗಕ್ಕೆ ಹೋಗಿ ಪ್ರಯತ್ನಿಸಬೇಕು.

ಬ್ಯಾಟರಿಯ ಆರೈಕೆ

ಇಂದಿನ ಫೋನುಗಳಲ್ಲಿರುವುದು ಲಿಥಿಯಂ ಅಯಾನ್ ಬ್ಯಾಟರಿ. 1991ರಲ್ಲಿ ಮಾರುಕಟ್ಟೆಗೆ ಬಂದ ಈ ಬ್ಯಾಟರಿಯನ್ನು ರೂಪಿಸಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ದೊರೆಯಿತು. ಪೂರ್ತಿ ಖಾಲಿಯಾದ ಮೇಲೆಯೇ ಚಾರ್ಜು ಮಾಡಬೇಕು ಎಂಬುದು ಹಿಂದಿನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ ಮಾತು. ಈಗಿನವನ್ನು ಖಾಲಿ ಮಾಡುವುದೇ ಅವುಗಳಿಗೆ ಹಾನಿ. ನೂರಕ್ಕೆ 20ಕ್ಕಿಂತ ಕೆಳಗಿಳಿಯದಂತೆ, ಕರೆಂಟು ಇದ್ದಾಗ ಆಗಾಗ್ಗೆ ಸ್ವಲ್ಪ ಸ್ವಲ್ಪ ಚಾರ್ಜು ಮಾಡುವುದು ಒಳ್ಳೆಯದು. ದಿನನಿತ್ಯ 80ರ ಸುತ್ತ ನಿಲ್ಲಿಸಿದರೆ ಬ್ಯಾಟರಿ ಹೆಚ್ಚು ಕಾಲ ಬಾಳುತ್ತದೆ. ಮಳೆ ಗಾಳಿಯ ಮುನ್ಸೂಚನೆ ಇರುವ ದಿನ ಮಾತ್ರ ಪೂರ್ತಿ ತುಂಬಿಸಿಡಿ.

ಬ್ಯಾಟರಿಗೆ ದೊಡ್ಡ ಶತ್ರು ಬಿಸಿ. ಅಡಿಕೆ ಒಣಗಿಸುವ ಅಂಗಳದಲ್ಲಿ, ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೆ, ಜೀಪಿನ ಗಾಜಿನ ಹಿಂದೆ ಫೋನು ಇಡಬಾರದು. ಕ್ಷೀಣ ಸಿಗ್ನಲ್ಲಿನಲ್ಲಿ ಫೋನು ತಾನಾಗಿಯೇ ಬಿಸಿಯಾಗುತ್ತಿರುತ್ತದೆ. ಆದ್ದರಿಂದ ಚಾರ್ಜಿಗೆ ಹಾಕುವಾಗ ಫ್ಲೈಟ್ ಮೋಡಿನಲ್ಲಿಟ್ಟರೆ ಬೇಗ ತುಂಬುತ್ತದೆ, ಬಿಸಿಯೂ ಕಡಿಮೆ.

ಕೊಳ್ಳುವ ಮುನ್ನ ಯೋಚಿಸಿ

ಪವರ್ ಬ್ಯಾಂಕ್ ಒಳ್ಳೆಯ ಆಸರೆ. ಆದರೆ ಅದರ ಮೇಲೆ ಬರೆದ ಅಂಕಿಯನ್ನು ಸರಿಯಾಗಿ ಓದಬೇಕು. 10,000 ಎಂದಿದ್ದರೆ 5,000ದ ಫೋನು ಎರಡು ಸಲ ತುಂಬುತ್ತದೆ ಎಂದು ಲೆಕ್ಕ ಹಾಕಬೇಡಿ. ವೋಲ್ಟೇಜು ಏರಿಸುವಾಗ, ತುಂಬಿಸುವಾಗ ಆಗುವ ನಷ್ಟ ಕಳೆದು ಒಂದೂವರೆ ಸಲ ತುಂಬಿದರೆ ಅದೇ ಹೆಚ್ಚು. ಅಂಗೈಯಗಲದ ಸೌರ ಫಲಕವಿರುವ ಪವರ್ ಬ್ಯಾಂಕುಗಳಿಂದ, ಮೋಡ ಕವಿದ ಮಲೆನಾಡಿನ ಮಳೆಗಾಲದಲ್ಲಿ ಪ್ರಯೋಜನ ಅತ್ಯಲ್ಪ. ಮನೆಯಲ್ಲಿ ಯುಪಿಎಸ್ಸೋ ಟ್ರ್ಯಾಕ್ಟರಿನ 12 ವೋಲ್ಟಿನ ಬ್ಯಾಟರಿಯೋ ಇದ್ದರೆ, ಕಾರಿನಲ್ಲಿ ಬಳಸುವ ಒಳ್ಳೆಯ ಚಾರ್ಜರಿನಿಂದ ಫೋನು ತುಂಬಿಸಿಕೊಳ್ಳಬಹುದು.

ಸಿಗ್ನಲ್ ಬೂಸ್ಟರ್ ಎಂದು ಮಾರುವ ಪೆಟ್ಟಿಗೆಗಳ ವಿಷಯದಲ್ಲಿ ಎಚ್ಚರವಿರಲಿ. ಅನುಮತಿಯಿಲ್ಲದೆ ಇವನ್ನು ಅಳವಡಿಸುವುದು ಕಾನೂನಿಗೆ ವಿರುದ್ಧ. ಕಾನೂನಿನ ಮಾತು ಹಾಗಿರಲಿ, ಕಳಪೆ ಬೂಸ್ಟರಿನ ಗದ್ದಲದಿಂದ ಟವರಿಗೆ ಸುತ್ತಲಿನವರ ಮಾತು ಕೇಳಿಸದಂತಾಗುತ್ತದೆ. ಒಬ್ಬರು ಕಾಲುವೆಗೆ ಅಡ್ಡ ಕಟ್ಟಿದರೆ ಕೆಳಗಿನ ಹತ್ತು ಗದ್ದೆಗಳು ಒಣಗುವ ಹಾಗೆ.

ಕಳುಹಿಸುವವರ ಹೊಣೆ

ಇಷ್ಟು ಹೊತ್ತು ರೈತರು ಮಾಡಬೇಕಾದುದನ್ನು ಹೇಳಿದೆ. ಆದರೆ ಈ ಭಾರವನ್ನು ರೈತರ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಒಂದು ಕೀಟದ ಹತೋಟಿಯನ್ನು ಎಂಟು ಸಾಲುಗಳ ಬರಹದಲ್ಲಿ ಹೇಳಬಹುದಾದಾಗ ಎಂಟು ನಿಮಿಷದ ವಿಡಿಯೋ ಏಕೆ? ಔಷಧಿಯ ಹೆಸರು, ಪ್ರಮಾಣ, ಸಿಂಪಡಿಸುವ ಕಾಲ ಇಷ್ಟನ್ನು ಎಸ್ಸೆಮ್ಮೆಸ್‌ನಲ್ಲಿ ಬರೆದು ಕಳುಹಿಸಿದರೆ ಒಂದೇ ಗೆರೆಯ ಸಿಗ್ನಲ್ಲಿನಲ್ಲಿಯೂ ಅದು ತಲುಪುತ್ತದೆ, ಉಳಿಯುತ್ತದೆ, ಮತ್ತೆ ಓದಬಹುದು. ವಿಡಿಯೋ ಬೇಕಾದವರು ಪೇಟೆಗೆ ಹೋದಾಗ ನೋಡಿಕೊಳ್ಳಲಿ.

ಸರದಿ ಪಾಲಿಸುವುದು ಹೇಗೆ ಎಂಬುದಕ್ಕೆ ನಮ್ಮಲ್ಲಿಯೇ ಮಾದರಿ ಇದೆ. ಹವಾಮಾನ ಆಧಾರಿತ ಕೃಷಿ ಸಲಹೆಯ ಪ್ರಕಟಣೆ ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ ಹೊರಡುತ್ತದೆ. ದಿನ ಗೊತ್ತಿದ್ದರೆ ರೈತನು ಅಂದು ಫೋನು ತೆರೆದು ಓದಿಕೊಳ್ಳಬಹುದು. 2004ರಲ್ಲಿ ಪ್ರಾರಂಭವಾದ ಕಿಸಾನ್ ಕಾಲ್ ಸೆಂಟರಿಗೆ, 1800-180-1551 ಎಂಬ ಸಂಖ್ಯೆಗೆ, ಬೆಳಗ್ಗೆ 6ರಿಂದ ರಾತ್ರಿ 10ರ ವರೆಗೆ ಯಾವ ಫೋನಿನಿಂದಾದರೂ ಶುಲ್ಕವಿಲ್ಲದೆ ಕರೆ ಮಾಡಿ ಕನ್ನಡದಲ್ಲಿಯೇ ಉತ್ತರ ಪಡೆಯಬಹುದು. ಸ್ಮಾರ್ಟ್‌ಫೋನೂ ಬೇಡ, ಆ್ಯಪೂ ಬೇಡ. ಎಲ್ಲ ಇಲಾಖೆಗಳೂ ತಮ್ಮ ಸೇವೆಗಳನ್ನು ಈ ಅಳತೆಗೋಲಿನಿಂದ ನೋಡಬೇಕು. ಐದು ನಿಮಿಷದಲ್ಲಿ ಸಾಯುವ ಒಟಿಪಿ, ಸಿಗ್ನಲ್ಲು ತಪ್ಪಿದ ಕೂಡಲೇ ಮೊದಲಿನಿಂದ ತುಂಬಬೇಕಾದ ಅರ್ಜಿ, ಇವು ಬೆಂಗಳೂರಿನಲ್ಲಿ ಕುಳಿತವರಿಗೆ ಸಣ್ಣ ವಿಷಯ. ಗುಡ್ಡ ಹತ್ತಿ ನಿಂತು ಅರ್ಜಿ ತುಂಬುವವನಿಗೆ ಅದು ಅರ್ಧ ದಿನದ ಕೂಲಿ ಮತ್ತು ಅರ್ಧ ಬ್ಯಾಟರಿ.

ಟವರುಗಳು ಹೆಚ್ಚಬೇಕು ಎಂಬುದರಲ್ಲಿ ಎರಡು ಮಾತಿಲ್ಲ. 2022ರ ಜುಲೈನಲ್ಲಿ ಕೇಂದ್ರ ಸಚಿವ ಸಂಪುಟವು ದೇಶದ 24,680 ಸೌಲಭ್ಯವಂಚಿತ ಹಳ್ಳಿಗಳಿಗೆ 4ಜಿ ಒದಗಿಸಲು 26,316 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿತು. ನಿಮ್ಮ ಹಳ್ಳಿಯ ಹೆಸರು ಅದರಲ್ಲಿದೆಯೇ ಎಂದು ಗ್ರಾಮ ಸಭೆಯಲ್ಲಿ ಕೇಳಿ. ಟವರು ಬಂದಿದ್ದರೆ ಕರೆಂಟು ಹೋದಾಗ ಅದು ಎಷ್ಟು ಗಂಟೆ ನಡೆಯುತ್ತದೆ ಎಂಬುದನ್ನೂ ಕೇಳಿ. ಬ್ಯಾಟರಿ ಸತ್ತ ಟವರು ಮಳೆಗಾಲದಲ್ಲಿ ಬರಿಯ ಕಬ್ಬಿಣದ ಕಂಬ. ಒಬ್ಬರ ದೂರಿಗಿಂತ ಊರಿನವರೆಲ್ಲ ಸಹಿ ಹಾಕಿದ, ದಿನಾಂಕ ಮತ್ತು ಗಂಟೆಗಳನ್ನು ಬರೆದ ಮನವಿಗೆ ತೂಕ ಹೆಚ್ಚು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನು ನಾವು ಮಾಡೋಣ. ಈ ವಾರವೇ ಮನೆಯಲ್ಲಿ ಸಿಗ್ನಲ್ಲಿನ ಜಾಗ ಗುರುತಿಸಿ, ಹಿಡಿಯದ ಸಿಮ್ಮನ್ನು ಆರಿಸಿ, ಫೋನು ತೆರೆಯುವ ವೇಳೆಯನ್ನು ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ. ಒಂದು ವಾರ ಪಾಲಿಸಿ, ಸಂಜೆ ಉಳಿದ ಚಾರ್ಜು ಎಷ್ಟೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮೊದಲಿನ ವಾರದೊಡನೆ ಹೋಲಿಸಿದರೆ ವ್ಯತ್ಯಾಸ ನಿಮಗೇ ಕಾಣುತ್ತದೆ. ಮುಂಗಾರಿಗೆ ಮುನ್ನ ಈ ಅಭ್ಯಾಸ ಕೂಡಿಬಂದರೆ, ಕರೆಂಟು ಹೋದ ರಾತ್ರಿಯಲ್ಲಿ ಒಂದು ಕರೆಗೆ ಸಾಕಾಗುವಷ್ಟು ಚಾರ್ಜು ನಿಮ್ಮ ಫೋನಿನಲ್ಲಿ ಉಳಿದಿರುತ್ತದೆ.